ಅಳಿಸುವ ಮೊದಲು ನೋಡಿದವಳು

ಜೂನ್ ತಿಂಗಳ ಬೆಳಗಿನ ಆರು ಗಂಟೆ. ಡಬ್ಲಿನ್ನಿನ ಹೊರವಲಯದ ಬ್ಲಾಂಚರ್ಡ್ಸ್‌ಟೌನ್ ಇನ್ನೂ ಹಾಸಿಗೆ ಬಿಟ್ಟಿಲ್ಲ, ಸೂರ್ಯ ಮಾತ್ರ ಆಗಲೇ ಎದ್ದು ಮನೆಗಳ ಸಾಲಿನ ಮೇಲೆ ಬೆಳಕು ಚೆಲ್ಲಿದ್ದಾನೆ. ಅರ್ಧಕ್ಕರ್ಧ ಸೀಟುಗಳಿಗೆ ಅಡ್ಡಪಟ್ಟಿ ಅಂಟಿಸಿಕೊಂಡ ಬಸ್ಸೊಂದು ಯಾರನ್ನೂ ಹತ್ತಿಸಿಕೊಳ್ಳದೆ ಮುಂದೆ ಹೋಗುತ್ತದೆ. ಸಮುದಾಯ ಭವನದ ಹಿಂಬಾಗಿಲಲ್ಲಿ ಅನಸೂಯ ಬೀಗ ತೆಗೆದು, ಬಾಗಿಲಿಗೆ ಮಂಡಿಯಿಂದ ಒಂದು ಗುದ್ದು ಕೊಡುತ್ತಾರೆ. ಅದು ಕಿರ್ರೆಂದು ಒಳಗೆ ಸರಿಯುತ್ತದೆ. "ಈ ಬಾಗಿಲಿಗೆ ಪ್ರೀತಿಯಿಂದ ಹೇಳಿದ್ರೆ ಕೇಳಲ್ಲ ಕಣ್ರೀ. ನಮ್ಮನೆಯವರ ಥರಾನೇ" ಎಂದು ಮಾಸ್ಕಿನೊಳಗೇ ನಗುತ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ಹಳೆಯ ಬಾಕ್ಸಿಂಗ್ ಗ್ಲೌಸುಗಳ ವಾಸನೆ ಬರುತ್ತದೆ. ಕೊರೊನಾಕ್ಕೆ ಮೊದಲು ಇಲ್ಲಿ ಹುಡುಗರು ಗುದ್ದಾಟ ಕಲಿಯುತ್ತಿದ್ದರು. ಈಗ ಗುದ್ದಾಟವೂ ಇಲ್ಲ, ಹುಟ್ಟುಹಬ್ಬದ ಪಾರ್ಟಿಗಳೂ ಇಲ್ಲ. ಅನಸೂಯ ಮೊದಲು ಕಿಟಕಿಗಳನ್ನೆಲ್ಲ ತೆರೆಯುತ್ತಾರೆ. ಗಾಳಿ ಆಡಬೇಕೆಂಬುದು ನಿಯಮ, ಚಳಿ ಆಗಬಾರದೆಂಬುದು ಅವರ ಆಸೆ. ಹಾಗಾಗಿ ಕಿಟಕಿಯೂ ತೆರೆದಿರುತ್ತದೆ, ಹೀಟರೂ ಉರಿಯುತ್ತಿರುತ್ತದೆ. ಆಮೇಲೆ ಬಾಗಿಲ ಹಿಡಿಗಳು, ಸ್ವಿಚ್ಚುಗಳು, ನಲ್ಲಿಗಳು, ಕೆಟಲ್ಲಿನ ಹಿಡಿ, ಹೀಗೆ ಕೈ ತಾಗುವ ಕಡೆಯೆಲ್ಲ ಬಟ್ಟೆ ಆಡುತ್ತದೆ. ಇಲ್ಲಿಗೆ ಬರುವ ಒಬ್ಬೊಬ್ಬರಿಗೂ ಒಂದೊಂದು ಲೋಟ, ಲೋಟಕ್ಕೊಂದು ಬಣ್ಣದ ಟೇಪು. ಒಬ್ಬರು ಹೋಗಿ ಇನ್ನೊಬ್ಬರು ಬರುವುದರೊಳಗೆ ಇಷ್ಟೂ ಕೆಲಸ ಮತ್ತೆ ಮೊದಲಿನಿಂದ. ದಿನಕ್ಕೆ ಮೂರು ಸಲ, ಒಮ್ಮೊಮ್ಮೆ ನಾಲ್ಕು.

ಬರುವವರು ಯಾರು ಎಂದರೆ, ಡಬ್ಲಿನ್ನಿನ ಕೆಲವು ಕಪ್ಪು ಮಹಿಳೆಯರು ಸೇರಿ ನಡೆಸುತ್ತಿರುವ ಒಂದು ಸಣ್ಣ ಫೆಲೋಶಿಪ್ಪಿನವರು. ಹೆಣ್ಣುಮಕ್ಕಳ ಬದುಕಿನ ಬಗ್ಗೆ ಬರೆಯುವ, ಹಾಡುವ, ಚಿತ್ರ ಬಿಡಿಸುವ ಕಪ್ಪು ಸ್ತ್ರೀವಾದಿ ಕಲಾವಿದೆಯರಿಗೆ, ಹೋರಾಟಗಾರ್ತಿಯರಿಗೆ ಅವರು ಒಂದು ವರ್ಷ ಆಸರೆ ಕೊಡುತ್ತಾರೆ. ವಾರ ವಾರ ಏನು ಮಾಡಿದೆ ಎಂದು ಪೀಡಿಸುವುದಿಲ್ಲ, ಇಷ್ಟು ಬರೆದು ತೋರಿಸು ಎಂದು ಲೆಕ್ಕ ಕೇಳುವುದಿಲ್ಲ. ಕೈಗೊಂದಿಷ್ಟು ಖರ್ಚಿಗೆ ಕೊಟ್ಟು, ಹಿಂದೆ ನಿಲ್ಲುತ್ತಾರೆ. ಲಾಕ್‌ಡೌನ್ ಬಂದಾಗ ಅವರಿಗೆ ಹೊಳೆದದ್ದೇನೆಂದರೆ, ಈ ಹೆಂಗಸರಿಗೆ ದುಡ್ಡಿಗಿಂತ ದೊಡ್ಡ ಕೊರತೆ ಜಾಗದ್ದು. ಮನೆಯಲ್ಲಿ ಮಕ್ಕಳ ಆನ್‌ಲೈನ್ ಪಾಠ, ಗಂಡನ ಮೀಟಿಂಗು, ಬಾಡಿಗೆ ಹಂಚಿಕೊಂಡವರ ಗಲಾಟೆ. ಬಾಗಿಲು ಹಾಕಿಕೊಂಡು ಎರಡು ತಾಸು ಕೂರಲು ಮೂಲೆ ಇಲ್ಲ. ಅದಕ್ಕೇ ಮುಚ್ಚಿ ಬಿದ್ದಿದ್ದ ಈ ಭವನವನ್ನು ಕೇಳಿ ಪಡೆದರು. ಒಮ್ಮೆಗೆ ಒಬ್ಬರೇ ಒಳಗೆ ಇರಬೇಕು, ಕೆಲಸ ಮಾಡಿ ಹೋಗಬೇಕು. ಅಷ್ಟಕ್ಕೆ ಒಪ್ಪಿಗೆ ಸಿಕ್ಕಿತು. ಬಾಗಿಲು ತೆರೆದು, ತೊಳೆದು, ಮುಚ್ಚಲು ಒಬ್ಬರು ಬೇಕಾಗಿತ್ತು. ಅವರೇ ಅನಸೂಯ.

ಫೆಲೋಶಿಪ್ಪಿನ ಬಗ್ಗೆ ಯಾರಾದರೂ ಮಾತಾಡಿದರೆ ಕಲಾವಿದೆಯರ ಹೆಸರು ಬರುತ್ತದೆ, ನಡೆಸುವವರ ಹೆಸರು ಬರುತ್ತದೆ. ಬೀಗ ತೆಗೆದವರ ಹೆಸರು ಎಲ್ಲಿ ಬರುತ್ತದೆ? ಅನಸೂಯ ಅವರಿಗೆ ಅದರ ಚಿಂತೆಯೂ ಇಲ್ಲ. ಬೀಗದ ಕೈ ಅವರಿಗೆ ಹುಟ್ಟಿನಿಂದ ಬಂದದ್ದು. ನಂಜನಗೂಡಿನಲ್ಲಿ ಯಾತ್ರಿಕರ ಛತ್ರವೊಂದನ್ನು ಅವರ ತಂದೆ ಈಶ್ವರಪ್ಪ ನೋಡಿಕೊಳ್ಳುತ್ತಿದ್ದರು. "ನಮ್ಮಪ್ಪನ ಸೊಂಟದಲ್ಲಿ ಕೀಲಿಗೊಂಚಲು, ನಮ್ಮಮ್ಮನ ಕೈಯಲ್ಲಿ ಪೊರಕೆ. ನಾನು ಹುಟ್ಟಿದಾಗಿಂದ ನೋಡಿರೋದು ಅದೇ. ಬಂದೋರು ಮಲಗಿ, ಸ್ನಾನ ಮಾಡಿ, ಹೊರಟ್ರೆ ನಮಗೆ ಸಮಾಧಾನ. ಅವ್ರು ಯಾರು, ಯಾಕೆ ಬಂದ್ರು ಅಂತ ಕೇಳಬಾರದು ಅನ್ನೋರು ಅಪ್ಪ" ಎನ್ನುತ್ತಾರೆ. ಛತ್ರದ ಅಂಗಳ ದೊಡ್ಡದು. ದಿನಾ ಬೆಳಿಗ್ಗೆ ನಿನ್ನೆಯ ರಂಗೋಲಿ ಗುಡಿಸಿ, ನೀರು ಹಾಕಿ, ಹೊಸದು ಬಿಡಿಸುವುದು ಹೆಣ್ಣುಮಕ್ಕಳ ಪಾಲಿಗೆ ಬಂದ ಕೆಲಸ. ಗುಡಿಸುವ ಮೊದಲು ಒಂದು ಸಲ ನಿಂತು ನೋಡಬೇಕೆಂದು ಅಮ್ಮ ಲೀಲಾವತಿಯ ಕಟ್ಟಪ್ಪಣೆ. ಬಿಡಿಸಿದ ಕೈಗೆ ಅಷ್ಟಾದರೂ ಗೌರವ ಸಲ್ಲಬೇಕಲ್ಲ!

ಮದುವೆಯಾಗಿ ಮೈಸೂರು, ಅಲ್ಲಿಂದ ಗಂಡ ಸತ್ಯಪ್ರಕಾಶರ ಕಂಪನಿ ಕಳಿಸಿದ ಹಾಗೆ ಡಬ್ಲಿನ್. ಮೊದಲ ಕೆಲವು ವರ್ಷ ವೀಸಾ ನಿಯಮದಿಂದಾಗಿ ಅವರು ದುಡಿಯುವಂತಿರಲಿಲ್ಲ. ಮನೆ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ ಹೊತ್ತು ಕಳೆದರು. ಮಗಳು ಅದಿತಿ ಶಾಲೆಯಿಂದ ಬಂದರೆ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ "ಗ್ರ್ಯಾಂಡ್, ಮ್ಯಾಮ್" ಎಂಬ ಒಂದೇ ಉತ್ತರ, ಎಲ್ಲ ಚೆನ್ನಾಗಿದೆ ಎನ್ನಲು ಐರಿಷ್ ಜನ ಆಡುವ ಮಾತು. ನಿಯಮ ಸಡಿಲವಾಗಿ ಕೆಲಸ ಹುಡುಕೋಣ ಎನ್ನುವಷ್ಟರಲ್ಲಿ ಕೊರೊನಾ ವಕ್ಕರಿಸಿತು. ಸತ್ಯಪ್ರಕಾಶ್ ಊಟದ ಮೇಜಿನ ಮೇಲೇ ಆಫೀಸು ತೆರೆದರು. "ಇಡೀ ದಿನ 'ನನ್ನ ಮಾತು ಕೇಳಿಸ್ತಿದೆಯಾ, ನನ್ನ ಮಾತು ಕೇಳಿಸ್ತಿದೆಯಾ' ಅಂತ ಕೂಗೋರು. ಇವ್ರ ಮಾತು ಯಾರಿಗೂ ಕೇಳಿಸ್ತಿರಲಿಲ್ಲ, ನನಗೊಬ್ಬಳಿಗೆ ಬಿಟ್ಟು. ಮಿಕ್ಸಿ ಹಾಕೋ ಹಾಗಿಲ್ಲ, ಕುಕ್ಕರ್ ಕೂಗೋ ಹಾಗಿಲ್ಲ. ಈ ಕೆಲಸ ಇದೆ ಅಂದಾಗ ಏನು, ಎತ್ತ ಅಂತಾನೂ ಕೇಳಲಿಲ್ಲ, ಹೂಂ ಅಂದ್ಬಿಟ್ಟೆ." ಮನೆಯಲ್ಲಿ ಈ ಮಾತು ಆಡುವಾಗ ಪಕ್ಕದಲ್ಲೇ ಕೂತಿದ್ದ ಸತ್ಯಪ್ರಕಾಶ್ ಈ ಆಪಾದನೆಯನ್ನು ಅಲ್ಲಗಳೆಯುವುದಿಲ್ಲ.

ಕೆಲಸಕ್ಕೆ ತೆಗೆದುಕೊಂಡಿದ್ದು ಇಫೆಯೋಮಾ. ಫೆಲೋಶಿಪ್ ನಡೆಸುವವರಲ್ಲಿ ಹಿರಿಯರು, ನೈಜೀರಿಯಾ ಮೂಲದವರು, ಡಬ್ಲಿನ್ನಿಗೆ ಬಂದು ಇಪ್ಪತ್ತು ವರ್ಷ ದಾಟಿದವರು. ಮೊದಲ ದಿನವೇ ಅವರು ಹೇಳಿದ್ದು ಅನಸೂಯ ಅವರ ನೆನಪಿನಲ್ಲಿದೆ: "ಇಲ್ಲಿಗೆ ಬರುವ ಹೆಂಗಸರನ್ನು ಹೊರಗೆ ಎಲ್ಲ ಕಡೆ ನೀನ್ಯಾಕೆ ಇಲ್ಲಿದ್ದೀಯ ಎಂದು ಕೇಳುತ್ತಾರೆ. ಈ ಬಾಗಿಲಲ್ಲಿ ಯಾರೂ ಕೇಳಬಾರದು." ಅನಸೂಯ ಅವರಿಗೆ ಅಪ್ಪನೇ ಎದುರು ನಿಂತು ಇಂಗ್ಲಿಷ್ ಮಾತಾಡಿದ ಹಾಗಾಯಿತಂತೆ. ಅಂದಿನಿಂದ ಯಾರು ಬಂದರೂ ಅವರ ಲೋಟ ಇಟ್ಟು, ಹೀಟರ್ ಹಚ್ಚಿ, ತಾವು ಹೊರಗಿನ ಪಡಸಾಲೆಯಲ್ಲಿ ಕೂತುಬಿಡುತ್ತಾರೆ. ಒಳಗಿನಿಂದ ಒಬ್ಬಳ ಹಾಡು ಕೇಳಿಸುತ್ತದೆ. ಇನ್ನೊಬ್ಬಳು ಮನೆಗೆಲಸದ ಹೆಂಗಸರನ್ನು ಸಂಘಟಿಸುವವಳು, ಫೋನಿನಲ್ಲಿ ಸಮಾಧಾನ ಹೇಳುವುದೂ ಕೇಳಿಸುತ್ತದೆ, ಒಮ್ಮೊಮ್ಮೆ ಬಯ್ಯುವುದೂ. ರುಟೆಂಡೊ ಬಂದ ದಿನ ಮಾತ್ರ ಏನೂ ಕೇಳಿಸುವುದಿಲ್ಲ.

ರುಟೆಂಡೊ ಜಿಂಬಾಬ್ವೆಯವಳು, ಮೂವತ್ತರ ಆಸುಪಾಸು. ಕ್ಯಾಸಲ್‌ನಾಕ್ ಕಡೆಯ ಒಂದು ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ಆರೈಕೆ ಕೆಲಸ. ಬೆಳಿಗ್ಗೆ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದು, ಕಣ್ಣು ಎಳೆಯುವವರೆಗೆ ಚಿತ್ರ ಬಿಡಿಸಿ, ಆಮೇಲೆ ಮನೆಗೆ ಹೋಗಿ ಮಲಗುತ್ತಾಳೆ. ಅವಳ ಕೋಣೆಯಲ್ಲಿ ಹಾಸಿಗೆ ಹಾಸಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ, ದೊಡ್ಡ ಚಿತ್ರ ಎಲ್ಲಿ ಬಿಡಿಸಬೇಕು? ಭವನದ ಹಿಂದಿನ ಕೋಣೆಯೇ ಅವಳಿಗೆ ಗತಿ. ಮಾತು ಕಡಿಮೆ. ಬಂದಾಗ ಅನಸೂಯ ಅವರತ್ತ ಒಮ್ಮೆ ತಲೆಯಾಡಿಸುವುದು, ಹೋಗುವಾಗ "ಥ್ಯಾಂಕ್ಸ್, ಆನಾ" ಎನ್ನುವುದು. ಗೋಡೆಗೆ ಕಾಗದ ಅಂಟಿಸಿ ಬಿಡಿಸುತ್ತಿದ್ದಳು. ಹೋಗುವಾಗ ಕಾಗದ ಸುತ್ತಿಕೊಂಡು ಹೋಗುತ್ತಿದ್ದಳು. ನೆಲದ ಮೇಲೆ ಒಂದು ಗೆರೆ ಬೀಳಿಸಿದವಳಲ್ಲ.

ಮಾರ್ಚ್ ತಿಂಗಳಲ್ಲಿ ಸತ್ಯಪ್ರಕಾಶರಿಗೆ ಕೊರೊನಾ ಬಂತು. ಜ್ವರ ಹೆಚ್ಚೇನಿರಲಿಲ್ಲ, ನರಳಾಟ ಮಾತ್ರ ಹೆಚ್ಚಿತ್ತು ಎಂದು ಹೆಂಡತಿಯ ವರದಿ. ಅನಸೂಯ ಎರಡು ವಾರ ಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಅಷ್ಟು ದಿನ ಬೇರೆ ಯಾರೋ ಬಂದು ಬೀಗ ತೆಗೆದರು. ಆ ಎರಡು ವಾರದಲ್ಲೇ ರುಟೆಂಡೊಗೆ ಕಾಗದ ಸಾಲದಾಯಿತು. ಹಿಂದಿನ ಕೋಣೆಯ ಕಡುಹಸಿರು ನೆಲದ ಮೇಲೆ, ಸೀಮೆಸುಣ್ಣ ಮತ್ತು ಇದ್ದಿಲಿನಲ್ಲಿ, ಬಾಗಿಲಿನಿಂದ ಕಿಟಕಿಯವರೆಗೆ ಆಳೆತ್ತರದ ಹೆಂಗಸರನ್ನು ಬಿಡಿಸತೊಡಗಿದಳು. ಅವಳ ಜೊತೆ ರಾತ್ರಿ ಪಾಳಿ ಮಾಡುವವರು, ಕೊರೊನಾ ಕಾಲದಲ್ಲಿ ಮುದುಕ ಮುದುಕಿಯರನ್ನು ಎತ್ತಿ ಇಳಿಸಿದವರು. ಫೆಲೋಶಿಪ್ಪಿನ ವರ್ಷದ ಪ್ರದರ್ಶನ ಈ ಸಲ ವಿಡಿಯೋದಲ್ಲಿ. ಅನಸೂಯ ವಾಪಸ್ಸಾಗುವ ವಾರದ ಕೊನೆಗೆ ಕ್ಯಾಮೆರಾ ಬರುವುದಿತ್ತು. ನೆಲ ತೊಳೆಯಬೇಡಿ ಎಂದು ರುಟೆಂಡೊ ಬದಲಿ ಕೆಲಸದವರಿಗೆ ಹೇಳಿದ್ದಳು. ಅವರು ಅನಸೂಯ ಅವರಿಗೆ ಹೇಳುವುದು ಮರೆತರು.

ಸೋಮವಾರ ಅನಸೂಯ ವಾಪಸ್ಸು ಬಂದರು. ಎರಡು ವಾರ ಗಂಡನಿಗೆ ಕಷಾಯ ಕಾಸಿದ ಕೈಗೆ ಪೊರಕೆ ಸಿಕ್ಕಿದ್ದೇ ಹಬ್ಬ. ಹಿಂದಿನ ಕೋಣೆಯ ಬಾಗಿಲು ತೆರೆದರೆ ನೆಲದ ತುಂಬ ಹೆಂಗಸರು. "ಎಷ್ಟ್ ಚೆನ್ನಾಗಿತ್ತು ಅಂತೀರಿ! ನಿಂತುಬಿಟ್ಟೆ. ಒಬ್ಬೊಬ್ಬಳನ್ನೇ ನೋಡ್ತಾ ಕಿಟಕಿ ತನಕ ಹೋದೆ, ತುಳೀದೆ. ರಂಗೋಲಿ ಅಲ್ಲ ಅಂತ ಗೊತ್ತಿತ್ತು. ಆದ್ರೆ ನೆಲದ ಮೇಲೆ, ಪುಡೀಲಿ ಬರೆದಿರೋದು. ಬೆಳಿಗ್ಗೆ ಆದ್ಮೇಲೆ ನಿನ್ನೇದು ನೆಲದ ಮೇಲೆ ಇರಬಾರದು ಅಂತ ಕೈಗೇ ಅಭ್ಯಾಸ ಆಗೋಗಿದೆ. ತಲೆ ಯೋಚನೆ ಮಾಡೋಕ್ಕೆ ಮುಂಚೆ ಕೈ ಮಾಪ್ ಹಿಡ್ಕೊಂಡಿತ್ತು." ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಸುಳ್ಳಲ್ಲ. ರುಟೆಂಡೊ ಪಾಳಿ ಮುಗಿಸಿ ಬರುವಷ್ಟರಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

ರುಟೆಂಡೊ ಬಾಗಿಲಲ್ಲೇ ನಿಂತಳು. ಯಾರು ಮಾಡಿದ್ದು ಎಂದು ಕೇಳಿದಳು. ನಾನೇ, ಎಂದರು ಅನಸೂಯ, ಇನ್ನೂ ನಗುಮುಖದಲ್ಲೇ. ಅವಳ ಮುಖ ನೋಡಿದ ಮೇಲೆ ಆ ನಗು ಮಾಯವಾಯಿತು. ರುಟೆಂಡೊ ಒದ್ದೆ ನೆಲದ ಅಂಚಿನಲ್ಲಿ ಗೋಡೆಗೊರಗಿ ಸ್ವಲ್ಪ ಹೊತ್ತು ಕೂತು, ಚೀಲ ಎತ್ತಿಕೊಂಡು ಹೊರಟುಹೋದಳು. ಆ ದಿನ "ಥ್ಯಾಂಕ್ಸ್, ಆನಾ" ಇರಲಿಲ್ಲ. ಚಿತ್ರದ ಫೋಟೋ ಒಂದೂ ಇಲ್ಲವೆಂದು ಆಮೇಲೆ ಗೊತ್ತಾಯಿತು. ಅರ್ಧ ಚಿತ್ರದ ಫೋಟೋ ತೆಗೆದರೆ ಕೈ ಅಲ್ಲೇ ನಿಂತುಬಿಡುತ್ತದೆ ಎಂಬುದು ಅವಳ ನಂಬಿಕೆ. ಅರ್ಧ ಬಿಡಿಸಿದ ರಂಗೋಲಿಯನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎನ್ನುವ ಮನೆಯಿಂದ ಬಂದ ಅನಸೂಯ ಅದನ್ನು ಹೇಗೆ ತಪ್ಪೆನ್ನುತ್ತಾರೆ?

ಸಂಜೆ ಇಫೆಯೋಮಾ ಫೋನ್ ಮಾಡಿದರು. ಕೆಲಸ ಹೋಯಿತೆಂದೇ ಅನಸೂಯ ಫೋನ್ ಎತ್ತಿಕೊಂಡರು. ಇಫೆಯೋಮಾ ಕೆಲಸದ ಮಾತೇ ಆಡಲಿಲ್ಲ. ರುಟೆಂಡೊ ಪ್ರದರ್ಶನದಿಂದ ಹಿಂದೆ ಸರಿದಿದ್ದಾಳೆ, ಇನ್ನು ಭವನಕ್ಕೂ ಬರುವುದಿಲ್ಲ ಎಂದಿದ್ದಾಳೆ, ನಾವು ಬಲವಂತ ಮಾಡುವುದಿಲ್ಲ, ಎಂದರು. ಅನಸೂಯ ಅವರಿಗೆ ಕೆಲಸ ಹೋಗಿದ್ದರೇ ವಾಸಿಯಿತ್ತು ಎನಿಸಿತು. ಇಲ್ಲಿ ಯಾರೂ ಅವಳನ್ನು ನೀನ್ಯಾಕೆ ಇಲ್ಲಿದ್ದೀಯ ಎನ್ನಬಾರದು ಎಂದು ಕಾಯಲು ನಿಂತವರೇ ಅವಳ ಜಾಗವನ್ನು ತೊಳೆದು ಹಾಕಿದ್ದರು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದರು. "ಹೋಗ್ಲಿ ಬಿಡೇ, ಬೇಕು ಅಂತ ಮಾಡಿದ್ದಲ್ಲವಲ್ಲ" ಎಂದರು ಸತ್ಯಪ್ರಕಾಶ್. "ಬೇಕು ಅಂತ ಮಾಡಿದ್ರೆ ನಾಚಿಕೆ ಇರ್ತಿರಲಿಲ್ಲ. ಗೊತ್ತಿಲ್ದೆ ಮಾಡಿದ್ದು, ಅದಕ್ಕೇ ಇಷ್ಟು ನಾಚಿಕೆ" ಎಂದರು ಇವರು.

ಮಾರನೆಯ ದಿನ ರುಟೆಂಡೊಗೆ ಫೋನಿನಲ್ಲಿ ಸಾರಿ ಎಂದು ಟೈಪ್ ಮಾಡಲು ಕೂತರು. ಟೈಪ್ ಮಾಡಿದರು, ಅಳಿಸಿದರು. "ಬಸ್ಸಲ್ಲಿ ಕಾಲು ತುಳಿದ್ರೂ ಸಾರಿ ಅಂತೀವಿ ಈ ಊರಲ್ಲಿ. ಸೂಪರ್‌ಮಾರ್ಕೆಟ್‌ನಲ್ಲಿ ತಳ್ಳುಗಾಡಿ ತಗುಲಿದ್ರೂ ಸಾರಿ. ಇದಕ್ಕೂ ಅದೇ ಮಾತಾ? ಏನು ಅಳಿಸಿದ್ದೀನಿ ಅಂತ ನಂಗೆ ಗೊತ್ತಿದೆ ಅಂತ ಅವಳಿಗೆ ತಿಳೀಬೇಕಿತ್ತು. ಅಷ್ಟೇ ನನ್ನ ಮನಸ್ಸಲ್ಲಿದ್ದದ್ದು." ಟೈಪಿಂಗ್ ಬಿಟ್ಟು, ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಫೋನಿಗೆ ಬಾಯಿಯಿಟ್ಟು ಮಾತಾಡಿದರು. ಗೊತ್ತಿದ್ದ ಇಂಗ್ಲಿಷಿನಲ್ಲಿ, ತಡವರಿಸುತ್ತ, ಬಾಗಿಲಿನಿಂದ ಶುರುಮಾಡಿ ಆ ನೆಲದ ಮೇಲಿದ್ದವರನ್ನೆಲ್ಲ ಹೇಳಿದರು. ಬಾಗಿಲ ಹತ್ತಿರದವಳು ಬಗ್ಗಿ ಏಪ್ರನ್ನಿನ ಲಾಡಿ ಕಟ್ಟಿಕೊಳ್ಳುತ್ತಿದ್ದಳು, ಒಂದು ತುದಿ ಹಿಡಿದಿದ್ದಳು, ಇನ್ನೊಂದು ಜೋಲುತ್ತಿತ್ತು. ಎರಡನೆಯವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಬೂಟು ಕಳಚುತ್ತಿದ್ದಳು, ಹಿಮ್ಮಡಿ ಬಾತಿತ್ತು. ಮೂರನೆಯವಳು ಸೊಂಟದ ಮೇಲೆ ಕೈಯಿಟ್ಟು ಕಿಟಕಿ ನೋಡುತ್ತಿದ್ದಳು, ಯಾರ ಜೊತೆಗೋ ಜಗಳಕ್ಕೆ ತಯಾರಾದ ಹಾಗೆ. ನಾಲ್ಕನೆಯವಳು ಒಂದು ಮುದಿ ಕೈಗೆ ಫೋನ್ ಹಿಡಿದುಕೊಟ್ಟಿದ್ದಳು, ಮಕ್ಕಳ ಮುಖ ತೋರಿಸಲು. ಕಿಟಕಿಯ ಕೆಳಗೆ ಇನ್ನೂ ಬರೀ ಎರಡು ಪಾದಗಳಿದ್ದವು, ಮೇಲಿನದು ಬಂದಿರಲಿಲ್ಲ. "ಆ ಪಾದಗಳು ಯಾರದು ಅಂತ ನಂಗೆ ಗೊತ್ತಾಗಲಿಲ್ಲ. ಅದೊಂದು ನೀನೇ ಹೇಳಬೇಕು" ಎಂದು ಮುಗಿಸಿ, ಕಳಿಸಿದರು. ಸಾರಿ ಎಂಬ ಮಾತು ಅದರಲ್ಲಿ ಇರಲೇ ಇಲ್ಲ. ಆಮೇಲೆ ಅದು ನೆನಪಾಗಿ ಮತ್ತೆ ಹಣೆ ಚಚ್ಚಿಕೊಂಡರು.

ಉತ್ತರ ಬರಲಿಲ್ಲ. ಬುಧವಾರ ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ಮಂಡಿ ಕೊಟ್ಟು ಒಳಗೆ ಹೋಗಿ ಕಿಟಕಿ ತೆರೆಯುತ್ತಿದ್ದರು. ಹಿಂದಿನಿಂದ ಹೆಜ್ಜೆ ಕೇಳಿಸಿತು. ರುಟೆಂಡೊ, ಪಾಳಿಯ ಯೂನಿಫಾರಂನಲ್ಲೇ, ಕೆಂಗಣ್ಣು ಬಿಟ್ಟುಕೊಂಡು ನಿಂತಿದ್ದಳು. ನಮಸ್ಕಾರವೂ ಇಲ್ಲ, ಏನೂ ಇಲ್ಲ. "ಲಾಡಿ ಯಾವ ಕೈಯಲ್ಲಿ ಹಿಡಿದಿದ್ದಳು ಅಂದೆ? ನನಗೆ ಎಡಗೈ ಅಂತ ನೆನಪು."

"ಬಲಗೈ" ಎಂದರು ಅನಸೂಯ. "ಎಡಗೈ ಬೆನ್ನ ಹಿಂದೆ ಹುಡುಕ್ತಿತ್ತು."

ರುಟೆಂಡೊ ಕಣ್ಣು ಮುಚ್ಚಿ ನಿಂತು, ಹೌದೆಂದು ತಲೆಯಾಡಿಸಿದಳು. ಸೀಮೆಸುಣ್ಣ ತೆಗೆದಳು.

ಆಮೇಲಿನ ದಿನಗಳಲ್ಲಿ ಭವನದ ಕ್ರಮವೇ ತಲೆಕೆಳಗಾಯಿತು. ಉಳಿದ ಕಲಾವಿದೆಯರು ತಮ್ಮ ಸಮಯವನ್ನು ರುಟೆಂಡೊಗೆ ಬಿಟ್ಟುಕೊಟ್ಟರು. ಮನೆಗೆಲಸದವರ ಸಂಘಟನೆಯವಳಂತೂ ಅಂಗಳದ ಬೆಂಚಿನ ಮೇಲೆ ಕೋಟು ಹೊದ್ದು ಕೂತು ಫೋನ್ ಮಾಡಿಕೊಂಡಳು. ಅನಸೂಯ ಐದು ಗಂಟೆಗೇ ಬಂದು ಹೀಟರ್ ಹಚ್ಚಿಟ್ಟರು. ಒಳಗೆ ಒಬ್ಬರೇ ಇರಬೇಕಾದ್ದರಿಂದ ಅವರು ಹೊರಗೆ ಕಿಟಕಿಯ ಹತ್ತಿರ, ಜಿನುಗು ಮಳೆಯಲ್ಲಿ ಛತ್ರಿ ಹಿಡಿದು ನಿಲ್ಲುತ್ತಿದ್ದರು. ಒಳಗಿನಿಂದ ಪ್ರಶ್ನೆ, ಹೊರಗಿನಿಂದ ಉತ್ತರ. ಬಕೆಟ್ಟು ಗೋಡೆಗೆ ಹತ್ತಿರ ಇತ್ತೋ ದೂರವೋ? ಸ್ವಲ್ಪ ದೂರ. ಮೂರನೆಯವಳ ಗಲ್ಲ? ಇನ್ನೂ ಮೇಲೆ, ಇನ್ನೂ ಸೊಕ್ಕು ಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದರು. ಮೂರನೆಯವಳ ಬೂಟು ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ರುಟೆಂಡೊ ಹೊಸದನ್ನೇ ಹಾಕಿದಳು. ಪಕ್ಕದ ಮನೆಯ ಐರಿಷ್ ಅಜ್ಜಿಯೊಬ್ಬರು ನಾಯಿ ಹಿಡಿದುಕೊಂಡು ಹೋಗುವಾಗ, ಕಿಟಕಿಯೊಳಗೆ ಮಾತಾಡುತ್ತ ಮಳೆಯಲ್ಲಿ ನಿಂತ ಈ ಹೆಂಗಸನ್ನು ನೋಡಿ, ಎಲ್ಲ ಸರಿಯಿದೆಯಾ ಎಂದು ವಿಚಾರಿಸಿದರು. "ಗ್ರ್ಯಾಂಡ್, ಗ್ರ್ಯಾಂಡ್" ಎಂದರು ಅನಸೂಯ. ಮಗಳಿಂದ ಕಲಿತದ್ದು ಆ ಹೊತ್ತಿಗೆ ಉಪಯೋಗಕ್ಕೆ ಬಂತು.

ಶನಿವಾರ ಕ್ಯಾಮೆರಾ ಬಂದು ಹೋಯಿತು. ಆ ಪಾದಗಳ ಮೇಲೆ ಯಾರು ನಿಂತಿದ್ದಾರೆಂದು ವಿಡಿಯೋ ನೋಡಿದವರಿಗೆ ಗೊತ್ತು. ಅದು ಪಾಳಿಯ ಗುಂಪಿನ ಅತಿ ಹಿರಿಯ ಹೆಂಗಸು, ಈ ಸೋಂಕಿನಲ್ಲೇ ತೀರಿಕೊಂಡವಳು. ಅವಳ ಚಿತ್ರ ಮುಗಿಸಲಾಗದೆ ರುಟೆಂಡೊ ಅಷ್ಟು ದಿನ ಪಾದದಲ್ಲೇ ನಿಂತಿದ್ದಳು. ಎರಡನೇ ಸಲ ಬಿಡಿಸುವಾಗ ಕೈ ನಿಲ್ಲಲಿಲ್ಲ. ಯಾಕೆ ಎಂದು ಅವಳೂ ಹೇಳಲಿಲ್ಲ, ಅನಸೂಯ ಅವರೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ರುಟೆಂಡೊ ಮಾಪ್ ತಂದು ಅನಸೂಯ ಅವರ ಕೈಗಿತ್ತಳು. ಇನ್ನು ಒರೆಸಬಹುದು ಎಂದಳು. ಇವರು ಅಭ್ಯಾಸದಂತೆ ಮೊದಲು ನಿಂತು ನೋಡಿದರು. ಬಾಗಿಲಲ್ಲಿ ನಿಂತಿದ್ದ ರುಟೆಂಡೊ ಇದ್ದಕ್ಕಿದ್ದಂತೆ ಕೇಳಿದಳು: "ನಾನು ಬಿಟ್ಟರೆ ಎರಡನ್ನೂ ಕಣ್ಣಾರೆ ನೋಡಿದವಳು ನೀನೊಬ್ಬಳೇ. ನಿಜ ಹೇಳು ಆನಾ, ಯಾವುದು ಚೆನ್ನಾಗಿತ್ತು?"

ಎರಡನೆಯದು ಎಂದುಬಿಟ್ಟಿದ್ದರೆ ತಪ್ಪು ಅರ್ಧ ಮಾಫಾಗುತ್ತಿತ್ತು. "ನಾಲಿಗೆ ತುದಿವರೆಗೆ ಬಂದಿತ್ತು. ಆದ್ರೆ ಈ ಹುಡುಗಿ ನಾಲ್ಕು ದಿನ ನನ್ನ ಕಣ್ಣು ನಂಬಿ ಬರೆದಿದ್ದಾಳೆ. ಈಗ ಸುಳ್ಳು ಹೇಳಿದ್ರೆ ಆ ಹೇಳಿದ್ದೆಲ್ಲಾ ಸುಳ್ಳಾಗಲ್ವಾ? ಮೊದಲನೇದು ಅಂದೆ." ರುಟೆಂಡೊ, ನನಗೂ ಹಾಗೇ ಅನಿಸಿತ್ತು ಎಂದಳು. ಆಮೇಲೆ ನಕ್ಕಳು. ಅವಳು ನಕ್ಕಿದ್ದನ್ನು ಅನಸೂಯ ನೋಡಿದ್ದು ಅದೇ ಮೊದಲು. ನೆಲ ಒರೆಸುವಾಗ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ.

ಈಗ ರುಟೆಂಡೊ ಮತ್ತೊಂದು ಶುರುಮಾಡಿದ್ದಾಳೆ. ಹಿಂದಿನ ಕೋಣೆಗೆ ಅನಸೂಯ ಪೊರಕೆ ಒಯ್ಯುವುದಿಲ್ಲ. ಅವಳು ಬಾಗಿಲು ತೆರೆದು ಕರೆದರೆ ಹೋಗಿ ನೋಡುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ, ಬರುತ್ತಾರೆ. ವ್ಯಾಕ್ಸಿನ್ ಒಂದು ಡೋಸ್ ಆಗಿದೆ. ಅಂಗಡಿಗಳು ತೆರೆದಿವೆ. ಸತ್ಯಪ್ರಕಾಶರ ಆಫೀಸು ಮಾತ್ರ ಇನ್ನೂ ತೆರೆದಿಲ್ಲ, ಅದೊಂದು ಕೊರಗು. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಕೈಯಲ್ಲಿದ್ದ ಬಟ್ಟೆ ಹಿಂಡಿ ಒಣಹಾಕುತ್ತ ಹೇಳುತ್ತಾರೆ.

"ಈ ಕಾಯಿಲೆ ಎಲ್ಲಾ ಮುಗೀಲಿ. ಹಾಲ್ ತುಂಬಾ ಜನ ಬರ್ಲಿ, ಅವಳು ಬರೆದದ್ದನ್ನ ಸುತ್ತ ನಿಂತು ನೋಡ್ಲಿ. ಬಾಗಿಲು ನಾನೇ ತೆಗೀತೀನಿ, ಹಿಂದಗಡೆ ನಿಂತಿರ್ತೀನಿ. ಎಲ್ಲರೂ ಎಷ್ಟ್ ಚೆನ್ನಾಗಿದೆ, ಎಷ್ಟ್ ಚೆನ್ನಾಗಿದೆ ಅಂತಾರಲ್ಲ, ಆಗ ನಾನು ಮನಸ್ಸಿನಲ್ಲೇ ಅಂದ್ಕೋತೀನಿ: ನೀವು ಮೊದಲನೇದನ್ನ ನೋಡಬೇಕಿತ್ತು."